ಎಳೆಯದ ಹ್ಯಾಂಡ್‌ಬ್ರೇಕ್

ಮ್ಯಾಟ್ಲಾಕ್, ಡರ್ಬಿಶೈರ್
ಮಂಗಳವಾರ

ಐವರ್,

‘ಪ್ರೀತಿಯ’ ಎಂದು ಬರೆಯುವುದಿಲ್ಲ. ಆ ಮಾತು ಸಲ್ಲಬೇಕಾದ್ದು ನಿನ್ನ ಕಾರಿಗೆ.

ರೇಸ್ ಟ್ರ್ಯಾಕಿನಲ್ಲಿ ಓಡಿಸಿದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕಾದ ಬ್ರೇಕು ಕಚ್ಚಿಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ಆದರೆ ನಮ್ಮ ಅಂಗಳ ಟ್ರ್ಯಾಕಲ್ಲ, ಇಳಿಜಾರು. ಭಾನುವಾರ ಟ್ರ್ಯಾಕಿನಿಂದ ಮನೆಗೆ ಬಂದ ನೀನು ಅದೇ ಚಾಳಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿಗೂ ಹಾಕದೆ ಚಹಾ ಕುಡಿಯಲು ಒಳಗೆ ಹೋದೆ. ಕಾರು ಉರುಳಿ ಬಂದು ನನ್ನ ಟೊಮೇಟೊ ಗಿಡಗಳ ಗಾಜಿನ ಮನೆಗೆ ನುಗ್ಗಿತು. ನಾನು ಆ ಗಾಜಿನ ಮನೆಯೊಳಗಿದ್ದೆ.

ನೀನು ಓಡಿ ಬಂದೆ, ನಿಜ. ನನ್ನನ್ನು ದಾಟಿ ಹೋಗಿ ಬಾನೆಟ್ ಸವರಿದೆ. “ಬಚಾವಾಯ್ತು ಕಣೇ! ದೀಪ ಒಂದು ಬಿಟ್ರೆ ಏನೂ ಆಗಿಲ್ಲ” ಅಂದೆ. ರಕ್ತ ಸುರಿಯುತ್ತಿದ್ದ ಕೈಯನ್ನು ನಾನು ಕಾರಿನ ತೆರೆದ ಕಿಟಕಿಗೆ ಊರಿದೆ. “ಸೀಟಿಗೆ ತಾಗಿಸ್ಬೇಡ ಮಾರಾಯ್ತಿ” ಅಂದೆ ನೀನು.

ಆ ಹಳೆಯ ಎಂಜಿನ್ ಬಿಚ್ಚಿ, ತೊಳೆದು, ಬಲ ಹೆಚ್ಚಿಸಿ ಜೋಡಿಸಿದವಳು ನಾನು. “ನಾನೇ ಕಟ್ಟಿದ್ದು” ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿದವನು ನೀನು.

ಅಕ್ಕ ವ್ಯಾನ್ ತಂದಿದ್ದಾಳೆ, ಅವಳ ಜೊತೆ ಹೊರಟಿದ್ದೇನೆ. ಒಡೆದ ಗಾಜನ್ನು ಇವತ್ತೇ ಗುಡಿಸು. ಬೆಕ್ಕು ಅಲ್ಲೇ ಮಲಗುತ್ತದೆ. ಉಳಿದ ಗಿಡಗಳಿಗೆ ನೀರು ಹಾಕು. ಶನಿವಾರ ಟ್ರ್ಯಾಕಿಗೆ ಹೊರಡುವ ಮೊದಲು ಬಾನೆಟ್ ಎತ್ತಿ ನೋಡು. ಎಂಜಿನ್ ವ್ಯಾನಿನಲ್ಲಿದೆ. ನೀನು ಕಟ್ಟಿದ್ದೆಲ್ಲ ಬಾನೆಟ್ಟಿನಡಿಯ ಆ ಖಾಲಿ ಜಾಗದಲ್ಲೇ ಇದೆ.

ಕಾರು ಉರುಳೀತೆಂಬ ಭಯ ಬೇಡ. ಹ್ಯಾಂಡ್‌ಬ್ರೇಕ್ ನಾನೇ ಎಳೆದಿದ್ದೇನೆ.

ಹೆಸ್ಟರ್