ಆ ಹತ್ತೊಂಬತ್ತು ಸೆಕೆಂಡಿನ ಚಪ್ಪಾಳೆ

ದೇಶದ ಚುಕ್ಕಾಣಿ ಹಿಡಿದಿರುವ ಮಾನ್ಯರೇ,

ನಿಮ್ಮ ಭಾಷಣಗಳಲ್ಲಿ ನನ್ನ ಸತ್ತ ತಮ್ಮ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಾನೆ. ಅದು ನಿಲ್ಲಬೇಕು. ಅವನನ್ನು ಅಲ್ಲಿ ಸೇರಿಸಿದವನು ನಾನೇ ಆದ್ದರಿಂದ ಈ ದೂರಿನಲ್ಲಿ ಅರ್ಧ ನನ್ನ ಮೇಲೂ ಇದೆ.

ನಾನು ರೇಡಿಯೋ ಕೇಂದ್ರದ ಧ್ವನಿಮುದ್ರಣ ವಿಭಾಗದವನು. ಓದಿದ್ದು ಹತ್ತನೇ ತರಗತಿ. ಕಿವಿ ಚೆನ್ನಾಗಿದೆ ಎಂದು ಕೆಲಸ ಸಿಕ್ಕಿತು. ವರ್ಷಗಳಿಂದ ನಿಮ್ಮ ಕೆಮ್ಮು, ತಡವರಿಕೆಗಳನ್ನು ಕತ್ತರಿಸಿ ತೆಗೆಯುತ್ತಿದ್ದೇನೆ. ನಮ್ಮಲ್ಲಿ ಚಪ್ಪಾಳೆಗಳೂ ಇವೆ: ಸಣ್ಣದು, ಮಧ್ಯಮ, ದೊಡ್ಡದು, ಅಂಗಡಿಯಲ್ಲಿ ಅಂಗಿ ಜೋಡಿಸಿಟ್ಟ ಹಾಗೆ. ದೊಡ್ಡದನ್ನು ಮುದ್ರಿಸಿದ್ದು ನಾನೇ. ನೌಕರರ ವಾರ್ಷಿಕ ಸಮಾರಂಭದಲ್ಲಿ ಒಬ್ಬ ಜಾದೂಗಾರ ಖಾಲಿ ಟೋಪಿಯಿಂದ ಪಾರಿವಾಳ ತೆಗೆದಾಗ ಬಿದ್ದ ಚಪ್ಪಾಳೆ ಅದು. ನನ್ನೊಡನೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ತಮ್ಮ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆಯನ್ನೂ ಹಾಕಿದ. ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಸಿಳ್ಳೆ ಮೇಲೇರಿ, ನಡುವೆ ಒಡೆದು, ನಗುವಾಗಿ ಮುಗಿಯುತ್ತಿತ್ತು. ಅವನು ಕೆಲಸದಿಂದ ಬರುವಾಗ ಬೀದಿಯ ತಿರುವಿನಿಂದಲೇ ಅದು ಮನೆಗೆ ಕೇಳಿಸುತ್ತಿತ್ತು. ಕೇಳಿದ್ದೇ ಅಮ್ಮ ಸಾರು ಬಿಸಿ ಮಾಡಲು ಒಲೆ ಹಚ್ಚುತ್ತಿದ್ದಳು.

ಯುದ್ಧ ಸಾರಿದ ಶನಿವಾರ ನಿಮಗೆ ನೆನಪಿದೆಯೇ? ಮುದ್ರಣಕ್ಕೆ ನಾನೂ ಅಲ್ಲಿದ್ದೆ. “ಈ ಯುದ್ಧ ನಾನು ಬಯಸಿದ್ದಲ್ಲ, ಜನ ಬಯಸಿದ್ದು. ಇಗೋ, ಅವರ ದನಿ” ಎಂದು ಕೈ ಎತ್ತಿ ಕಾದಿರಿ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಒಂದು ಕುರ್ಚಿ ಕಿರುಗುಟ್ಟಿತು. ನಿಮ್ಮ ಮಂತ್ರಿಗಳು ತಟ್ಟಿದ್ದು ಆಮೇಲೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು.

“ಇದೇನಯ್ಯ, ಸಾವಿನ ಮನೆ ಥರ ಇದೆ. ಒಂದು ತೇಪೆ ಹಾಕು” ಎಂದರು ನಮ್ಮ ಮೇಲಧಿಕಾರಿ.

“ಮಧ್ಯಮ ಸಾಕಾ ಸಾರ್?”

“ಯುದ್ಧ ಕಣಯ್ಯ ಇದು. ದೊಡ್ಡದೇ ಹಾಕು.”

ಹಾಕಿದೆ. ಹತ್ತೊಂಬತ್ತು ಸೆಕೆಂಡು. ಜೋಡಣೆ ಗೊತ್ತಾಗದ ಹಾಗೆ ಕೂರಿಸಿದೆನಲ್ಲ ಎಂದು ಹೆಮ್ಮೆಯೂ ಆಯಿತು.

ಮರುದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅದು ಪ್ರಸಾರವಾಯಿತು. ತಮ್ಮ ಲಿಫ್ಟ್ ರಿಪೇರಿ ಮಾಡುವವನು, ಯಾರನ್ನೂ ಸುಲಭಕ್ಕೆ ನಂಬದವನು. “ಇವರನ್ನ ಯಾರು ಕೇಳಿದ್ರಂತೆ ಯುದ್ಧ ಮಾಡಿ ಅಂತ?” ಎಂದು ನಕ್ಕ. ಅಷ್ಟರಲ್ಲಿ ಚಪ್ಪಾಳೆ ಬಂತು. ಅವನ ಕೈ ತಟ್ಟೆಯಲ್ಲೇ ನಿಂತಿತು.

“ಅತ್ತಿಗೆ, ಕೇಳಿಸ್ತಾ? ಅಲ್ಲೊಬ್ಬ ನನ್ನ ಥರಾನೇ ಸಿಳ್ಳೆ ಹಾಕ್ತಾನೆ.”

“ಆ ಹಾಳು ಸಿಳ್ಳೆ ದೇಶಕ್ಕೆ ಒಂದೇ ಅಂತ ಸಮಾಧಾನ ಇತ್ತು. ಅದೂ ಹೋಯ್ತು” ಎಂದಳು ನನ್ನ ಹೆಂಡತಿ.

ಅವನು ನಗಲಿಲ್ಲ. “ಅಣ್ಣ, ನೀನು ಅಲ್ಲೇ ಇದ್ದೆಯಲ್ಲ. ಜನ ನಿಜವಾಗ್ಲೂ ಅಷ್ಟು ತಟ್ಟಿದ್ರಾ?”

“ಹೂಂ” ಎಂದೆ.

ಕೆಲಸ ಹೋಗುವ ಹೆದರಿಕೆಯೇ? ಮನೆಯೊಳಗೆ ಯಾರಿದ್ದರು ಹೆದರಲು? ನಾನು ದಿನಚರಿ ಬರೆಯುವವನು. ಆ ದಿನದ ಪುಟದಲ್ಲಿ ಸೆಕೆ, ಊಟ, ಅಮ್ಮನ ಮಂಡಿನೋವು ಎಲ್ಲ ಇದೆ. ‘ಹೂಂ’ ಇಲ್ಲ. ಬುಧವಾರ ಅವನು ಸೈನ್ಯಕ್ಕೆ ಹೆಸರು ಕೊಟ್ಟ. “ಅಷ್ಟು ಜನ ಎದ್ದು ನಿಂತಿರುವಾಗ ನಾನೊಬ್ಬ ಕೂತಿರೋದು ಹೇಗಣ್ಣ?” ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ನಾಲ್ಕನೇ ತಿಂಗಳಿಗೆ ಪೆಟ್ಟಿಗೆ ಬಂತು. ತೆರೆಯಬಾರದು ಎಂದರು.

ನಿಮ್ಮ ಮಾತನ್ನು ನನ್ನಷ್ಟು ಸಲ ಕೇಳಿದವರಿಲ್ಲ. ಹೆದರಿಸುವಾಗ ದನಿ ತಗ್ಗಿಸುತ್ತೀರಿ, ನಮ್ಮ ಹಿತೈಷಿಯ ಹಾಗೆ. ಗೆದ್ದರೆ ನಿಮ್ಮ ಗೆಲುವು, ಸತ್ತರೆ ನಮ್ಮ ತ್ಯಾಗ. ಚುನಾವಣೆ ಯಾವಾಗ ಎಂದರೆ ಯುದ್ಧ ಮುಗಿಯಲಿ ಎನ್ನುತ್ತೀರಿ. ಯುದ್ಧ ಮುಗಿಯುವುದು ಯಾವಾಗ ಎಂದರೆ ಹೊಸ ಶತ್ರುವನ್ನು ತೋರಿಸುತ್ತೀರಿ. ಇಷ್ಟೆಲ್ಲ ಕಲೆಯಿದ್ದೂ ನನ್ನ ತಮ್ಮನನ್ನು ಒಲಿಸಲು ನಿಮ್ಮಿಂದಾಗಲಿಲ್ಲ, ಮಾನ್ಯರೇ. ಯುದ್ಧ ಬೇಡ ಎನ್ನುವವನಿಗೆ ಹಾಗೆನ್ನುವವನು ತಾನೊಬ್ಬನೇ ಎನಿಸಬೇಕಿತ್ತು. ಆ ಕೆಲಸ ಮಾಡಿದ್ದು ನನ್ನ ತೇಪೆ.

ಕಳೆದ ಮಂಗಳವಾರ ಇನ್ನೊಂದು ಗಡಿಯಲ್ಲೂ ಯುದ್ಧ ಎಂದಿರಿ. ನಾನು ರಜೆಯಲ್ಲಿದ್ದೆ, ಬೇರೆ ಯಾರೋ ದೊಡ್ಡದನ್ನೇ ಹಾಕಿದ್ದರು. ಸಿಳ್ಳೆ ಕೇಳಿಸಿದ್ದೇ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದಾಯಿತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಬಂದ್ನಾ?”

ಈ ಸಲ ಎಲ್ಲ ಹೇಳಿದೆ. ಅಮ್ಮ ಹೋಗಿ ಒಲೆ ಆರಿಸಿದಳು. “ನನಗೆ ಹೇಳಿ ಏನಾಗಬೇಕು? ಊರಿಗೆ ಹೇಳು” ಎಂದಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಆದ್ದರಿಂದ ಊರಿಗೆ ಹೇಳುತ್ತಿದ್ದೇನೆ. ಇದು ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ನನ್ನ ಕೆಲಸ ಇರುವುದಿಲ್ಲ. ಆ ದೊಡ್ಡ ಚಪ್ಪಾಳೆಯನ್ನು ಕೇಂದ್ರದಿಂದ ತೆಗೆದು ನಮ್ಮ ಮನೆಗೆ ಕೊಡಿ. ಅಮ್ಮನ ಹತ್ತಿರ ಅವನ ದನಿ ಬೇರೆ ಇಲ್ಲ. ಆ ಶನಿವಾರದ ಭಾಷಣವನ್ನು ತೇಪೆಯಿಲ್ಲದೆ ಒಮ್ಮೆ ಪ್ರಸಾರ ಮಾಡಿ. ಮೂಲಪ್ರತಿ ಮೂರನೇ ಕಪಾಟಿನಲ್ಲಿದೆ, ನಾನು ಅಳಿಸಿಲ್ಲ. ನೀವು ಕಾದದ್ದು, ಆ ಕೆಮ್ಮು, ಆ ಕುರ್ಚಿ ಎಲ್ಲರಿಗೂ ಕೇಳಿಸಲಿ. ಅಂದು ಮನೆಯಲ್ಲಿ ರೇಡಿಯೋ ಮುಂದೆ ಸುಮ್ಮನೆ ಕೂತವರಿಗೆ ತಾವೊಬ್ಬರೇ ಅಲ್ಲವೆಂದು ಈಗಲಾದರೂ ಗೊತ್ತಾಗಲಿ. ನನ್ನ ತಮ್ಮನಿಗೆ ನಾನು ಹೇಳಬೇಕಾಗಿದ್ದುದು ಅದೊಂದೇ.

ಇಂತಿ,
ಅಂದು ‘ಹೂಂ’ ಎಂದ ಅಣ್ಣ