ಅಣ್ಣನ ಬೈಕಿನ ಹಿಂದಿನ ಸೀಟು

ಜುಲೈ ೧೪, ಭಾನುವಾರ

ಇಷ್ಟು ಸಣ್ಣ ವಿಷಯಕ್ಕೆ ಒಂದು ಪುಟ ಹಾಳು ಮಾಡುತ್ತಿದ್ದೇನೆ, ಸಾರಿ. ಅಣ್ಣನ ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಅಂಗೈಯಗಲ, ಹಲಗೆಯಷ್ಟು ಗಟ್ಟಿ. ಮನೆಯಿಂದ ಹಾಸ್ಟೆಲ್ ತಲುಪುವಷ್ಟರಲ್ಲಿ ನನ್ನ ಸೊಂಟ ಸತ್ತಿರುತ್ತದೆ. ಸೀಟ್ ಹೊಲಿಯುವವರ ಹತ್ತಿರ ದಪ್ಪ ಫೋಮಿನ ಕವರ್ ಹೊಲಿಸಿ, ಇವತ್ತು ಬೆಳಿಗ್ಗೆ ಅವನಿಗೆ ಸರ್ಪ್ರೈಸ್ ಅಂತ ಹಾಕಿಟ್ಟೆ. ಅಣ್ಣ ಬೆರಳಲ್ಲಿ ಒತ್ತಿ ನೋಡಿ ನಕ್ಕ.

"ಲೇ ನನ್ನ ಬಾಲ, ಸೀಟು ಗಟ್ಟಿ ಅಂತ ನಂಗೊತ್ತಿರ್ಲಿಲ್ವಾ? ಮೆತ್ತಗೆ ಮಾಡಿದ್ರೆ ನೀನು ಇಳಿಯೋದೇ ಇಲ್ಲ ಅಂತಾನೇ ಹಾಗೆ ಬಿಟ್ಟಿದ್ದೆ."

ಅಲ್ಲೇ ಕವರ್ ಕಿತ್ತು ಗೇಟಿನ ಹತ್ತಿರ ನಾಯಿಗೆ ಹಾಸಿದ. ಅವನನ್ನು ಕರೆಯಲು ಬಂದು ನಿಂತಿದ್ದ ಫ್ರೆಂಡ್ಸೆಲ್ಲ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಹಾಸ್ಟೆಲಿಗೆ ಬಸ್ಸಲ್ಲಿ ಬಂದೆ. ಹತ್ತು ಸಲ ಬರೆದು ಅಳಿಸಿ, ಕೊನೆಗೆ ಮೆಸೇಜ್ ಕಳಿಸಿದೆ: "ಅಣ್ಣಾ, ಹಳೇ ಸೀಟೇ ಇರ್ಲಿ. ಶನಿವಾರ ಕರ್ಕೊಂಡ್ ಹೋಗೋಕೆ ಬರ್ತೀಯಾ? ಬೇಗ ಹೇಳು."