ನೀಲಿ ಲೈಟಿನ ಡಬ್ಬಕ್ಕೆ ಊದಿನಕಡ್ಡಿ

ಹೊನ್ನಾವರ
14-11-2004, ಆಯ್ತವಾರ

ದೋಸ್ತ ಮಾಸ್ತೀ,

ಹೆಂಗಿದ್ಯೋ? ಹಿರೇಗುತ್ತಿ ಗಾಳಿ ಕುಡ್ದು ಇನ್ನೂ ದಪ್ಪ ಆದ್ಯಾ? ನಿನ್ನ ಕಾಗದ ಬಂದು ಎರಡು ತಿಂಗ್ಳಾತು, ಉತ್ತರ ಬರೀಲಿಲ್ಲ, ತಪ್ಪಾತು. ಬಯ್ಯುದಿದ್ರೆ ಇದನ್ನ ಓದಿ ಮುಗ್ಸಿ ಬಯ್ಯಿ. ಅಕ್ಷರ ಕುಂಬಳಕಾಯಿ ಗಾತ್ರ ಆಗ್ಯದೆ, ಸಾಲು ಗುಡ್ಡ ಹತ್ತಿ ಹೋಗ್ಯದೆ. ವಯಸ್ಸಾದ್ರೆ ಅಕ್ಷರಕ್ಕೂ ಹೊಟ್ಟೆ ಬತ್ತದೆ ಅಂತ ತಿಳ್ಕ.

ಮಗಳು ವಿನುತಾ ನನ್ನ ರೇಡಿಯೊ ರಿಪೇರಿ ಅಂಗ್ಡೀಲೇ ಕಂಪ್ಯೂಟರ್ ಅಂಗ್ಡಿ ಹಾಕಿದ್ದು ನಿಂಗೆ ಗೊತ್ತದೆ. ಮೊನ್ನೆ ಹುಬ್ಬಳ್ಳಿಯಿಂದ ಒಂದು ಕ್ಯಾಬಿನೆಟ್ ಬಂತು. ಮಂತ್ರಿಗಳದ್ದಲ್ಲ ಮಾರಾಯಾ, ಕಂಪ್ಯೂಟರಿನ ಯಂತ್ರ ಎಲ್ಲ ಹೊಟ್ಟೇಲಿ ಇಟ್ಕಳ್ಳೂ ಡಬ್ಬ. ಹಂಗಂತ ಇದ್ರ ಒಳಗೂ ಬರೇ ಗಾಳಿಯೇ. ಹುಚ್ಚು ಹಿಡ್ದ ಹುಡುಗ್ರು ಡಬ್ಬದ ಪಕ್ಕೆ ಕೊರ್ದು, ಕಿಟಕಿ ಕೂರ್ಸಿ, ಬಣ್ಣದ ಲೈಟ್ ಹಾಕ್ತ್ರಂತೆ. ಇದ್ರಲ್ಲಿ ಕಂಪನಿಯವ್ರೇ ಅದೆಲ್ಲ ಮಾಡಿ ಕಳ್ಸೀರು, ಅದೂ ಅಗ್ಗದಲ್ಲಿ.

"ಅಪ್ಪಾ, ನೀ ನೋಡಿ ಹೇಳು. ಇಂಥವು ಹತ್ತು ತರ್ಸೂದೋ ಬ್ಯಾಡ್ವೋ ನಾಳೆ ಹುಬ್ಬಳ್ಳಿಗೆ ಹೇಳೂಕದೆ. ನಿನ್ನ ಮಾತೇ ಕಡೀದು" ಅಂದ್ಳು.

ನಂಗೆ ತಲೆಬುಡ ತಿಳೀಲಿಲ್ಲ. ಯಂತ್ರದ ಹೊಟ್ಟೆಗೆ ಕಿಟಕಿ ಎಂತಕ್ಕೆ? ರೇಡಿಯೊ ಒಳಗೆ ಎಂತದೆ ಅಂತ ಗಿರಾಕಿಗೆ ಕಾಣ್ದೇ ಇದ್ದದ್ದಕ್ಕೇ ನಮ್ಮ ಹೊಟ್ಟೆ ತುಂಬಿದ್ದು! ಆದ್ರೂ ಪರೀಕ್ಷೆ ಮಾಡ್ದೆ. ಬೆರಳಾಡ್ಸಿದೆ: ತಗಡು ತೆಳು, ಅಂಚು ಮಸೀಲಿಲ್ಲ, ಹೆಬ್ಬೆಟ್ಟು ಕೊಯ್ತು. ಕರೆಂಟ್ ಕೊಟ್ಟೆ, ಒಳಗೆ ನೀಲಿ ಲೈಟ್ ಹತ್ತಿತು. ಕಿವಿ ಇಟ್ಟೆ: ಫ್ಯಾನು ಜೀರುಂಡೆ ಹಂಗೆ ಕೂಗ್ತು. ಆಮೇಲೆ ಊದಿನಕಡ್ಡಿ ಹಚ್ಚಿ ಮುಂದೆ ಹಿಡ್ದೆ. ಗಾಳಿ ಯಾವ ಬದಿಗೆ ಹೋಗ್ತದೆ ಅನ್ನೂದ್ರಲ್ಲಿ ಹೊಗೆ ಸುಳ್ಳು ಹೇಳೂದಿಲ್ಲ.

ಮೀನು ಮಾರೂ ಹೊನ್ನಮ್ಮ ಬಾಗ್ಲಲ್ಲೇ ಬುಟ್ಟಿ ಇಳ್ಸಿ ಕೈ ಮುಗ್ದ್ಳು.

"ಇದೆಂತ ದೇವ್ರು ಬೀರಣ್ಣಾ?"

"ಕರೆಂಟಪ್ಪ. ಹರಕೆ ಹೊತ್ಕಳೇ, ಬುಟ್ಟಿ ತುಂಬ ಬಂಗ್ಡೆ ಕೊಡ್ತ."

"ಮೊದ್ಲು ನಿಂಗೆ ಬುದ್ಧಿ ಕೊಡ್ಲಿ ನಿನ್ನ ಕರೆಂಟಪ್ಪ!" ಅಂತ ಬೈದು ಬುಟ್ಟಿ ಹೊತ್ಳು.

ಹೊಗೆ ಒಳಗೆ ಹೋಗೂದು ಬಿಟ್ಟು ನನ್ನ ಮೂಗಿಗೇ ಬಂತು. ಗಾಳಿ ಒಳಗೆ ಎಳೀಬೇಕಾದ ಮುಂದಿನ ಫ್ಯಾನನ್ನೇ ಉಲ್ಟಾ ಕೂರ್ಸೀರು! ಬಿಚ್ಚಿ ತಿರುಗ್ಸಿ ಹಾಕ್ದೆ. "ನಂಗೆ ಗೊತ್ತೇ ಆಗ್ಲಿಲ್ಲ ಅಪ್ಪಾ" ಅಂದ್ಳು ವಿನುತಾ. ನನ್ನ ಎದೆ ಒಂದು ಗೇಣು ಉಬ್ಬ್ತು.

ಆ ಉಮೇದೀಲೇ ಕಡೇ ಮಾತು ಹೇಳ್ದೆ: "ಅಂಚು ನಾ ಮಸ್ದು ಕೊಡ್ತೆ. ಆದ್ರೆ ಈ ಕಿಟಕಿ ಕಳಪೆ, ಪೂರ್ತಿ ಮಬ್ಬು. ಲೈಟಿನ ಸುತ್ತ ಬಳೆ ಬಳೆ ಕಾಣ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೀಲಿಲ್ವೇನೇ?"

"ಬಂದ ದಿನವೇ ತೆಗ್ದೆ. ನೀರಿನಂಗೆ ತಿಳಿ ಅದೆ. ಸಾಕು ನಿನ್ನ ತಮಾಷೆ!"

"ತಮಾಷೆ ಅಲ್ವೇ" ಅಂದೆ. ಹೊಟ್ಟೆ ಹಿಡ್ಕಂಡು ನಗ್ಯಾಡ್ದ್ಳು. ಕಡೆಗೆ ನಾನೂ ನಗ್ಯಾಡ್ದೆ. ಹತ್ತೂ ತರಿಸ್ತ್ಳಂತೆ.

ಮನೆ ಮಕ್ಳಿಗೆಲ್ಲ ನನ್ನ ಆಶೀರ್ವಾದ ಹೇಳು. ನಿಂಗೆ ಉಳ್ದ ನಾಕು ಹಲ್ಲು ಗಟ್ಟಿ ಇರ್ಲಿ.

ನಿನ್ನ
ಬೀರಪ್ಪ

ತಾ.ಕ.: ಅವ್ಳು ಊಟಕ್ಕೆ ಹೋದಾಗ ಒಂದೊಂದೇ ಕಣ್ಣು ಮುಚ್ಚಿ ಆ ಕಿಟಕಿ ನೋಡ್ದೆ. ಬಲಗಣ್ಣಿಗೆ ಮಬ್ಬು. ಎಡಗಣ್ಣಿಗೆ ಕಿಟಕಿಯೇ ಇಲ್ಲ, ಬರೇ ಒಂದು ನೀಲಿ ಕಲೆ. ಜೀವಮಾನ ಪೂರ್ತಿ ಸುಳ್ಳು ಹೇಳಿ ನಗ್ಸಿದವ ಮಾಸ್ತೀ ನಾನು, ಈಗ ಖರೆ ಹೇಳಿದ್ರೂ ಮಗಳು ನಗ್ತ್ಳು. ನೀ ಹೇಳಿದ್ರೆ ನಂಬ್ತ್ಳು, ಒಂದು ಸಲ ಬಾ. ನಿನ್ನ ಕಾಗದ ಇನ್ನೂ ನನ್ನ ಕಿಸೇಲೇ ಅದೆ. ಹಿರೇಗುತ್ತಿಯಿಂದ ಅಂತ ಪೋಸ್ಟ್‌ಮನ್ ಹೇಳಿದ್ದಕ್ಕೆ ನಿಂದು ಅಂತ ಗೊತ್ತಾತು. ಎಂತ ಬರ್ದಿದ್ದೆ ಅಂತ ಬಂದಾಗ ಓದಿ ಹೇಳು.